ಭಯಕ್ಕೆ ಬಂದ ದನಿ: ಬ್ಲ್ಯಾಕ್ ಸಬ್ಬತ್‌ನ 'ಪ್ಯಾರನಾಯ್ಡ್'

1970ರ ಸೆಪ್ಟೆಂಬರ್ 18ರಂದು ಇಂಗ್ಲೆಂಡಿನ ಅಂಗಡಿಗಳಿಗೆ ಬಂದ 'ಪ್ಯಾರನಾಯ್ಡ್' ಆಲ್ಬಮ್ಮಿನ ಹೊದಿಕೆಯಲ್ಲಿ ಕತ್ತಿ, ಗುರಾಣಿ ಹಿಡಿದ ಒಬ್ಬ ಮನುಷ್ಯ ಕತ್ತಲ ಕಾಡಿನಿಂದ ನಮ್ಮತ್ತ ನುಗ್ಗಿಬರುತ್ತಿದ್ದಾನೆ. ಅವನ ಆಕಾರ ಒಂದರ ಹಿಂದೊಂದಾಗಿ ಮಸುಕಾಗಿ ಮೂಡಿದೆ. ಈ ಚಿತ್ರಕ್ಕೂ ಆಲ್ಬಮ್ಮಿನ ಹೆಸರಿಗೂ ಸಂಬಂಧವೇ ಕಾಣುವುದಿಲ್ಲ. ಚಿತ್ರ ಸಿದ್ಧವಾದಾಗ ಆಲ್ಬಮ್ಮಿನ ಹೆಸರು 'ವಾರ್ ಪಿಗ್ಸ್', ಅಂದರೆ ಯುದ್ಧದ ಹಂದಿಗಳು, ಎಂದಿತ್ತು. ಅಷ್ಟರಲ್ಲಿ 'ಪ್ಯಾರನಾಯ್ಡ್' ಎಂಬ ಪುಟ್ಟ ಹಾಡು ಬಿಡಿ ರೆಕಾರ್ಡ್ ಆಗಿ ಹೊರಬಂದು ಜನರ ಬಾಯಿಗೆ ಬಿತ್ತು. ವರ್ಟಿಗೊ ಎಂಬ ರೆಕಾರ್ಡ್ ಕಂಪನಿ ಆ ಹೆಸರನ್ನೇ ಇಡೀ ಆಲ್ಬಮ್ಮಿಗೆ ಅಂಟಿಸಿತು. ಹೊದಿಕೆ ಮಾತ್ರ ಹಳೆಯದೇ ಉಳಿಯಿತು. ಹೀಗೆ ಹೊರಗಿನ ಯುದ್ಧದ ಚಿತ್ರವೂ ಒಳಗಿನ ಕಳವಳದ ಹೆಸರೂ ಆಕಸ್ಮಿಕವಾಗಿ ಒಂದೇ ರಟ್ಟಿನ ಮೇಲೆ ಬಂದು ಕೂತವು. ಈ ಆಲ್ಬಮ್ ಕೇಳುಗರನ್ನು ಐವತ್ತೈದು ವರ್ಷ ಹಿಡಿದಿಟ್ಟ ಬಗೆಯೂ ಆ ಜೋಡಣೆಯಲ್ಲೇ ಇದೆ ಎಂಬುದು ನನ್ನ ವಾದ. ದೊಡ್ಡವರು ತೀರ್ಮಾನಿಸಿ ತಂದಿಡುವ ವಿನಾಶದ ಎದುರು ಸಾಮಾನ್ಯನಿಗೆ ಆಗುವ ಭಯವನ್ನು ಬ್ಲ್ಯಾಕ್ ಸಬ್ಬತ್ ತಂಡದ ನಾಲ್ವರು ಮುಚ್ಚಿಡಲಿಲ್ಲ, ಅದಕ್ಕೆ ಹೂವಿನ ಹೊದಿಕೆ ಹೊದಿಸಲಿಲ್ಲ. ಭಯವನ್ನು ಭಯವೆಂದೇ ಒಪ್ಪಿಕೊಂಡು ಅದಕ್ಕೆ ಭಾರವಾದ, ಗಟ್ಟಿಯಾದ ದನಿ ಕೊಟ್ಟರು. ಸೈತಾನ, ಮಾಟ, ಕಪ್ಪು ಬಟ್ಟೆ ಇವೆಲ್ಲ ಆಮೇಲೆ ಮೆತ್ತಿಕೊಂಡ ಬಣ್ಣ.

ಈ ಭಯ ಎಲ್ಲಿಂದ ಬಂತೆಂದು ತಿಳಿಯಲು ಬರ್ಮಿಂಗ್‌ಹ್ಯಾಮ್ ನಗರದ ಆಸ್ಟನ್ ಎಂಬ ಬಡಾವಣೆಗೆ ಹೋಗಬೇಕು. ಗಿಟಾರ್ ನುಡಿಸಿದ ಟೋನಿ ಐಯೋಮಿ, ಡ್ರಮ್ಸ್‌ನ ಬಿಲ್ ವಾರ್ಡ್, ಹಾಡುಗಾರ ಓಝಿ ಓಸ್ಬೋರ್ನ್ ಮೂವರೂ 1948ರಲ್ಲಿ ಹುಟ್ಟಿದವರು. ಬೇಸ್ ಗಿಟಾರ್ ನುಡಿಸುತ್ತ ಹಾಡುಗಳ ಸಾಹಿತ್ಯ ಬರೆದ ಗೀಝರ್ ಬಟ್ಲರ್ 1949ರವನು. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಬಾಂಬುಗಳಿಂದ ಈ ನಗರದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದರು. 1940ರ ನವೆಂಬರಿನಲ್ಲಿ ಬಿ.ಎಸ್.ಎ. ಬಂದೂಕು ಕಾರ್ಖಾನೆಯ ಮೇಲೆ ಬಾಂಬು ಬಿದ್ದು ಒಂದೇ ರಾತ್ರಿ ಐವತ್ತಕ್ಕೂ ಹೆಚ್ಚು ಕಾರ್ಮಿಕರು ಪ್ರಾಣ ಬಿಟ್ಟಿದ್ದರು. ಈ ನಾಲ್ವರ ಬಾಲ್ಯದ ಆಟದ ಬಯಲುಗಳೆಂದರೆ ಬಾಂಬು ಬಿದ್ದು ಪಾಳಾದ ನಿವೇಶನಗಳು. ಇನ್ನೊಂದು ಸಂಗತಿಯನ್ನೂ ಮರೆಯಬಾರದು. ಬರ್ಮಿಂಗ್‌ಹ್ಯಾಮ್ ಶತಮಾನಗಳಿಂದ ಬಂದೂಕು ತಯಾರಿಸಿ ಹೊಟ್ಟೆ ಹೊರೆದ ಊರು. ಆಸ್ಟನ್‌ನ ಮಗ್ಗುಲಲ್ಲೇ ಬಂದೂಕು ಕಮ್ಮಾರರ ಒಂದು ಇಡೀ ಪೇಟೆಯಿತ್ತು. ಯುದ್ಧದಿಂದ ಕೂಲಿ ಪಡೆದವರೂ ಇಲ್ಲಿಯವರೇ, ಯುದ್ಧದಲ್ಲಿ ಮನೆ ಕಳೆದುಕೊಂಡವರೂ ಇಲ್ಲಿಯವರೇ. ಶಾಲೆ ಬಿಟ್ಟ ಹುಡುಗರಿಗೆ ಕಾರ್ಖಾನೆ ಬಿಟ್ಟರೆ ಬೇರೆ ದಾರಿ ಕಡಿಮೆ. ಓಝಿ ಲೂಕಸ್ ಕಾರ್ಖಾನೆಯಲ್ಲಿ ದಿನವಿಡೀ ಕಾರಿನ ಹಾರ್ನುಗಳ ಸದ್ದು ಪರೀಕ್ಷಿಸಿದ, ಕಸಾಯಿಖಾನೆಯಲ್ಲಿ ದುಡಿದ, ಕಳ್ಳತನ ಮಾಡಿ ಸಿಕ್ಕಿಬಿದ್ದು ದಂಡ ಕಟ್ಟಲಾಗದೆ ವಿನ್ಸನ್ ಗ್ರೀನ್ ಜೈಲಿನಲ್ಲಿ ಕೆಲವು ವಾರ ಕಳೆದ. ಐರಿಷ್ ಕ್ಯಾಥೊಲಿಕ್ ಮನೆಯ ಬಟ್ಲರ್ ಒಬ್ಬನೇ ಲೆಕ್ಕಪತ್ರದ ಕೆಲಸ ಕಲಿಯುತ್ತ ಮೇಜಿನ ಮುಂದೆ ಕೂತಿದ್ದವನು.

ಐಯೋಮಿಯ ಕತೆ ಎಲ್ಲರಿಗೂ ಗೊತ್ತಿರುವಂಥದ್ದು. ಅದಕ್ಕೇ ಅದನ್ನು ತುಸು ನಿಧಾನವಾಗಿ ನೋಡಬೇಕು. ಹದಿನೇಳರ ಹುಡುಗ ತಗಡಿನ ಕಾರ್ಖಾನೆಯ ಕೆಲಸ ಬಿಟ್ಟು ಸಂಗೀತಗಾರನಾಗಿ ಯುರೋಪಿಗೆ ಹೊರಡುವವನಿದ್ದ. ಕೆಲಸದ ಕೊನೆಯ ದಿನ, ಅಭ್ಯಾಸವಿಲ್ಲದ ಯಂತ್ರದ ಮುಂದೆ ಅವನನ್ನು ನಿಲ್ಲಿಸಿದರು. ಯಂತ್ರ ಬಲಗೈಯ ನಡುಬೆರಳು ಮತ್ತು ಉಂಗುರಬೆರಳಿನ ತುದಿಗಳನ್ನು ಕಿತ್ತುಕೊಂಡಿತು. ಅವನು ಎಡಚನಾದ್ದರಿಂದ ತಂತಿ ಒತ್ತುತ್ತಿದ್ದದ್ದು ಆ ಬಲಗೈಯಲ್ಲೇ. ಕಾರ್ಖಾನೆಯ ಮೇಲ್ವಿಚಾರಕ ಅವನಿಗೆ ಜಾಂಗೊ ರೈನ್‌ಹಾರ್ಟ್‌ನ ರೆಕಾರ್ಡ್ ತಂದುಕೊಟ್ಟ. 1928ರ ಬೆಂಕಿ ಅವಘಡದಲ್ಲಿ ಎಡಗೈಯ ಎರಡು ಬೆರಳುಗಳ ಬಲ ಕಳೆದುಕೊಂಡೂ ಯುರೋಪಿನ ಶ್ರೇಷ್ಠ ಜಾಝ್ ಗಿಟಾರ್ ವಾದಕನಾದವನು ಆ ರೈನ್‌ಹಾರ್ಟ್. ಐಯೋಮಿ ಪಾತ್ರೆ ತೊಳೆಯುವ ದ್ರವದ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗಳನ್ನು ಮಾಡಿಕೊಂಡ, ಅವಕ್ಕೆ ಚರ್ಮದ ಚೂರು ಅಂಟಿಸಿದ, ತೆಳುವಾದ ತಂತಿಗಳನ್ನು ಹುಡುಕಿದ. ಇಷ್ಟು ನಿಜ. ಮುಂದಿನ ಮಾತು ದಂತಕತೆಯದು: ಬೆರಳು ಹೋದದ್ದರಿಂದ ಅವನು ತಂತಿಗಳನ್ನು ಸಡಿಲಿಸಿ ಶ್ರುತಿ ಇಳಿಸಿದ, ಶ್ರುತಿ ಇಳಿದದ್ದರಿಂದ ಹೆವಿ ಮೆಟಲ್ ಹುಟ್ಟಿತು, ಆದ್ದರಿಂದ ಈ ಸಂಗೀತ ಒಂದು ಯಂತ್ರದ ಕೊಡುಗೆ. ಕೇಳಲು ಸೊಗಸಾಗಿದೆ, ಆದರೆ ಕಾಲಕ್ಕೆ ಹೊಂದುವುದಿಲ್ಲ. ಐಯೋಮಿ ಶ್ರುತಿಯನ್ನು ಮೂರು ಅರೆಸ್ವರಗಳಷ್ಟು ಕೆಳಗಿಳಿಸಿದ್ದು 1971ರ 'ಮಾಸ್ಟರ್ ಆಫ್ ರಿಯಾಲಿಟಿ'ಯಲ್ಲಿ. 'ವಾರ್ ಪಿಗ್ಸ್', 'ಐರನ್ ಮ್ಯಾನ್', 'ಪ್ಯಾರನಾಯ್ಡ್' ಮೂರೂ ಗಿಟಾರಿನ ಸಾಮಾನ್ಯ ಶ್ರುತಿಯಲ್ಲೇ ಇವೆ. ಹಾಗಾದರೆ ಅವುಗಳ ಭಾರ ಎಲ್ಲಿಂದ ಬಂತು? ನುಡಿಸುವವರು ಆರಿಸಿಕೊಂಡ ಕ್ರಮದಿಂದ. ಎರಡೇ ಸ್ವರಗಳನ್ನು ಜೋಡಿಸಿ ಮೀಟುವುದು, ಬೇಸ್ ಗಿಟಾರ್ ತನ್ನ ಬೇರೆ ದಾರಿ ಹಿಡಿಯದೆ ಗಿಟಾರಿನ ಅದೇ ರಿಫ್ಫಿನ, ಅಂದರೆ ಮರಳಿ ಮರಳಿ ಬರುವ ಪುಟ್ಟ ಸ್ವರಗುಚ್ಛದ, ಕೆಳಗೆ ನಿಲ್ಲುವುದು, ಲಯವನ್ನು ಬೇಕೆಂದೇ ನಿಧಾನಿಸುವುದು, ಸ್ವರಗಳ ನಡುವೆ ಮೌನ ಬಿಡುವುದು. ಅಪಘಾತ ಒಂದು ಅಡ್ಡಿಯನ್ನು ತಂದೊಡ್ಡಿತು, ಅಷ್ಟೇ. ಆ ಅಡ್ಡಿಯೊಳಗೆ ನಿಂತು ಏನು ಕಟ್ಟಬೇಕೆಂದು ನಿರ್ಧರಿಸಿದ್ದು ಮನುಷ್ಯ. ಕಾರ್ಮಿಕನ ಕಲೆಯನ್ನು ಅವನ ಯಂತ್ರಕ್ಕೆ ಬರೆದುಕೊಡುವ ಈ ಕತೆ ಮೇಲ್ನೋಟಕ್ಕೆ ಗೌರವದಂತೆ ಕಂಡರೂ ಒಳಗೆ ಅವನ ಬುದ್ಧಿಯನ್ನು ಕಡಿಮೆ ಮಾಡುತ್ತದೆ.

ಬುದ್ಧಿ ಇತ್ತು, ಶ್ರಮವೂ ಇತ್ತು. 1968ರ ಕೊನೆಯಲ್ಲಿ ಐಯೋಮಿ ಕೆಲಕಾಲ ಜೆತ್ರೊ ಟಲ್ ತಂಡಕ್ಕೆ ಹೋಗಿಬಂದ. ಕಚೇರಿಯ ಕೆಲಸದಂತೆ ಬೆಳಿಗ್ಗೆಯೇ ತಾಲೀಮಿಗೆ ಕೂರುವ ಅವರ ಶಿಸ್ತನ್ನು ಕಂಡು ತನ್ನ ಗೆಳೆಯರಿಗೂ ಅದನ್ನೇ ರೂಢಿ ಮಾಡಿಸಿದ. ವಾರ್ಡ್ ಜಾಝ್ ಡ್ರಮ್ಸ್ ಕೇಳಿ ಬೆಳೆದವನು, ಡ್ರಮ್ಸ್ ವಾದಕ ಜೀನ್ ಕ್ರೂಪನ ಭಕ್ತ. ಅದಕ್ಕೇ ಸಬ್ಬತ್‌ನ ನಿಧಾನಗತಿ ಜಡವಾಗಿ ಕೂರುವುದಿಲ್ಲ. ಅದರೊಳಗೊಂದು ತೂಗಾಟ ಇರುತ್ತದೆ. ಮೊದಲ ಆಲ್ಬಮ್ಮನ್ನು ಅವರು 1969ರ ಅಕ್ಟೋಬರಿನಲ್ಲಿ ಲಂಡನ್ನಿನ ರೀಜೆಂಟ್ ಸೌಂಡ್ ಸ್ಟುಡಿಯೋದಲ್ಲಿ ಹೆಚ್ಚುಕಡಿಮೆ ಒಂದೇ ದಿನದಲ್ಲಿ ಮುಗಿಸಿದರು. ಕಂಪನಿ ಅದನ್ನು 1970ರ ಫೆಬ್ರವರಿ 13ರ ಶುಕ್ರವಾರ ಬಿಡುಗಡೆ ಮಾಡಿತು. ಹದಿಮೂರನೆಯ ತಾರೀಖಿನ ಶುಕ್ರವಾರ ಅಪಶಕುನವೆಂಬ ನಂಬಿಕೆ ಪಾಶ್ಚಾತ್ಯರಲ್ಲಿದೆ. ಒಳಮಡಿಕೆಯಲ್ಲಿ ತಲೆಕೆಳಗಾದ ಶಿಲುಬೆಯನ್ನೂ ಅಚ್ಚುಹಾಕಿದರು. ಸೈತಾನನ ತಂಡವೆಂಬ ಹಣೆಪಟ್ಟಿ ಬಿದ್ದದ್ದು ಆಗಲೇ. ಈ ಹಣೆಪಟ್ಟಿಗೆ ಸಂಗೀತದ ಪುರಾವೆಯನ್ನೂ ಕೊಡುವುದುಂಟು. ತಂಡದ ಹೆಸರನ್ನೇ ಹೊತ್ತ ಮೊದಲ ಹಾಡು ಷಡ್ಜದಿಂದ ಪ್ರತಿಮಧ್ಯಮಕ್ಕೆ ಇರುವ ಅಂತರದ ಮೇಲೆ ನಿಂತಿದೆ. ಯುರೋಪಿನ ಹಳೆಯ ಶಾಸ್ತ್ರಜ್ಞರು ಆ ಅಂತರವನ್ನು ಸೈತಾನನಿಗೆ ಸೇರಿಸಿ ದೂರ ಇಟ್ಟಿದ್ದರು. ಆದರೆ ಎಪ್ಪತ್ತೆರಡು ಮೇಳಕರ್ತಗಳಲ್ಲಿ ಅರ್ಧದಷ್ಟು ಪ್ರತಿಮಧ್ಯಮದವೇ ಇರುವ ಕರ್ನಾಟಕ ಸಂಗೀತದಲ್ಲಿ ಬೆಳೆದ ಕಿವಿಗೆ ಈ ವಾದ ಒಪ್ಪಿಗೆಯಾಗುವುದು ಕಷ್ಟ. ಕಲ್ಯಾಣಿ ರಾಗದಲ್ಲಿ ಮಂಗಳವಾಗಿ ಕೇಳುವ ಸ್ವರ ಇಲ್ಲಿ ಎದೆ ನಡುಗಿಸುತ್ತದೆಂದರೆ, ಕತ್ತಲೆ ಆ ಸ್ವರದ ಹುಟ್ಟುಗುಣವಲ್ಲ. ಸುತ್ತಲಿನ ಮೌನ, ವಿಳಂಬ ಕಾಲ, ಗಿಟಾರಿನ ಒಡಕು ನಾದ ಸೇರಿ ಅದನ್ನು ಕತ್ತಲಾಗಿಸಿವೆ. ಆ ಹಾಡಿನ ಹಿಂದೆ ಗುಸ್ತಾವ್ ಹೋಲ್ಸ್ಟ್ ಎಂಬ ಇಂಗ್ಲಿಷ್ ಸಂಗೀತಕಾರ ಮಂಗಳ ಗ್ರಹದ ಮೇಲೆ ರಚಿಸಿದ ಕೃತಿಯ ನೆರಳಿದೆ, ಬಟ್ಲರ್ ಅದನ್ನು ತಾಲೀಮಿನಲ್ಲಿ ನುಡಿಸುತ್ತಿದ್ದ. ಮಂಗಳ ಅಲ್ಲಿ ಯುದ್ಧದ ದೇವತೆ. ಸೈತಾನನ ಜಾಡು ಹಿಡಿದು ಹೋದರೂ ತಲುಪುವುದು ಯುದ್ಧಕ್ಕೇ.

ಎರಡನೆಯ ಆಲ್ಬಮ್ಮಿಗೆ ಅವರು ಸ್ಟುಡಿಯೋ ಸೇರಿದ್ದು 1970ರ ಜೂನ್‌ನಲ್ಲಿ, ನಿರ್ಮಾಪಕ ರಾಜರ್ ಬೇನ್ ಜೊತೆಗೆ. ಅಂದಿನ ಜಗತ್ತು ಹೇಗಿತ್ತು? ವಿಯೆಟ್ನಾಮಿನಲ್ಲಿ ಕಾದುತ್ತಿದ್ದ ಅಮೆರಿಕದ ಸೇನೆ ಏಪ್ರಿಲ್ ಕೊನೆಗೆ ಕಾಂಬೋಡಿಯಾಕ್ಕೂ ನುಗ್ಗಿತ್ತು. ಅದರ ವಿರುದ್ಧ ಪ್ರತಿಭಟನೆ ನಡೆದಾಗ, ಮೇ 4ರಂದು ಒಹಾಯೊದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನ್ಯಾಷನಲ್ ಗಾರ್ಡ್ ಸೈನಿಕರ ಗುಂಡಿಗೆ ನಾಲ್ವರು ವಿದ್ಯಾರ್ಥಿಗಳು ಬಲಿಯಾಗಿದ್ದರು. ಬ್ರಿಟನ್ ವಿಯೆಟ್ನಾಮಿಗೆ ಸೈನ್ಯ ಕಳಿಸಲಿಲ್ಲ ನಿಜ. ಕಡ್ಡಾಯ ಸೈನಿಕ ಸೇವೆ ಅಲ್ಲಿ 1960ರ ದಶಕದ ಆರಂಭದಲ್ಲೇ ಮುಗಿದಿತ್ತು. ಆದರೆ ಅಣ್ಣಂದಿರು ಸೈನ್ಯಕ್ಕೆ ಹೋದದ್ದನ್ನು ಕಂಡಿದ್ದ ಬಟ್ಲರ್‌ಗೆ ತನ್ನನ್ನೂ ಎಳೆದೊಯ್ಯಬಹುದೆಂಬ ಅಂಜಿಕೆ ಇತ್ತು. ತಂಡ ಅಮೆರಿಕನ್ ಸೇನಾ ನೆಲೆಗಳಲ್ಲಿ ನುಡಿಸಿದಾಗ ವಿಯೆಟ್ನಾಮಿನಿಂದ ಮರಳಿದ ಸೈನಿಕರು ಹೆರಾಯಿನ್‌ಗೆ ದಾಸರಾದುದನ್ನು ಅವನು ಅವರ ಬಾಯಿಂದಲೇ ಕೇಳಿದ. 'ಹ್ಯಾಂಡ್ ಆಫ್ ಡೂಮ್' ಹುಟ್ಟಿದ್ದು ಆ ಮಾತುಗಳಿಂದ. ಇನ್ನು 'ವಾರ್ ಪಿಗ್ಸ್'. ಅದರ ಮೊದಲ ಕರಡಿನ ಹೆಸರು 'ವಾಲ್ಪರ್ಗಿಸ್', ಮಾಟಗಾತಿಯರು ಸೇರುವ ರಾತ್ರಿಯ ಹೆಸರು; ಅದರಲ್ಲಿ ಸೈತಾನನ ಪೂಜೆಯ ಚಿತ್ರಗಳಿದ್ದವು. ಮೊದಲ ಆಲ್ಬಮ್ಮಿಗೆ ಸೈತಾನನ ಬಣ್ಣ ಬಳಿದಿದ್ದ ಕಂಪನಿಯೇ ಈ ಸಲ ಆ ಹೆಸರಿಗೆ ತಕರಾರು ತೆಗೆಯಿತು. ಬಟ್ಲರ್ ಸಾಹಿತ್ಯವನ್ನು ತಿದ್ದಿದ. ಮಾಟಗಾತಿಯರು ಪೂರ್ತಿ ಮರೆಯಾಗಲಿಲ್ಲ, ಸೇನಾಧಿಪತಿಗಳಿಗೆ ಹೋಲಿಕೆಯಾಗಿ ನಿಂತರು. ರಾಜಕಾರಣಿಗಳು ಯುದ್ಧ ಹೂಡಿ ತಾವು ಅಡಗಿ ಕೂರುವುದು, ಸಾಯುವ ಕೆಲಸವನ್ನು ಬಡವರಿಗೆ ಬಿಡುವುದು, ಕೊನೆಗೆ ದೇವರ ತೀರ್ಪಿನ ದಿನ ಮಂಡಿಯೂರಿ ಬೇಡುವುದು: ಇದು ಹಾಡಿನ ನಡೆ. ಸೈತಾನ ಬರುವುದು ಕೊನೆಯಲ್ಲಿ, ಅಪರಾಧಿಗಳನ್ನು ಕಂಡು ನಗಲು. ಇದನ್ನು ಸೈತಾನನ ಆರಾಧನೆ ಎಂದವರು ಹಾಡನ್ನು ಕೊನೆಯವರೆಗೆ ಕೇಳಿರಲಾರರು. ಅಧರ್ಮಕ್ಕೆ ತಕ್ಕ ಶಿಕ್ಷೆಯುಂಟೆಂಬ, ಕ್ಯಾಥೊಲಿಕ್ ಮನೆಯಲ್ಲಿ ಬೆಳೆದವನ ದೃಢವಾದ ನಂಬಿಕೆ ಅಲ್ಲಿ ಕಾಣುತ್ತದೆ. ಸಂಗೀತವೂ ಆ ನಂಬಿಕೆಗೆ ತಕ್ಕಂತೆ ನಡೆಯುತ್ತದೆ. ವೈಮಾನಿಕ ದಾಳಿಯ ಸೈರನ್ ಆರಂಭದಲ್ಲೇ ಮೊಳಗುತ್ತದೆ, ಇವರ ಹೆತ್ತವರು ಆಸ್ಟನ್‌ನಲ್ಲಿ ಕೇಳಿ ಓಡಿದ್ದ ಅದೇ ಬಗೆಯ ಸೈರನ್. ಓಝಿ ಹಾಡುವಾಗ ಗಿಟಾರ್ ಹಿಂದೆ ಸರಿದು ಡ್ರಮ್ಸ್‌ನ ತಾಳ ಮಾತ್ರ ಟಿಕ್ಕೆನ್ನುತ್ತ ಉಳಿಯುತ್ತದೆ. ಒಂದೊಂದು ಆರೋಪವೂ ಖಾಲಿ ಜಾಗದಲ್ಲಿ ಬಿಡಿಯಾಗಿ ಬೀಳುತ್ತದೆ, ಹಿಂದೆಯೇ ಗಿಟಾರ್ ಬಂದು ಅದನ್ನು ಮೊಳೆ ಹೊಡೆದಂತೆ ಕೂರಿಸುತ್ತದೆ.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪವಿದೆ. ಜನ ಮುಗಿಬಿದ್ದದ್ದು ಈ ಎಂಟು ನಿಮಿಷಗಳ ಯುದ್ಧವಿರೋಧಿ ಹಾಡಿಗಲ್ಲ, ಮೂರು ನಿಮಿಷವೂ ಇಲ್ಲದ 'ಪ್ಯಾರನಾಯ್ಡ್'ಗೆ. ಅದು ಜಾಗ ತುಂಬಲು ಮಾಡಿದ ಹಾಡು. ಆಲ್ಬಮ್ಮಿಗೆ ಇನ್ನೂ ಕೆಲವು ನಿಮಿಷ ಬೇಕಿತ್ತು, ಉಳಿದವರು ಊಟಕ್ಕೆ ಹೋದಾಗ ಐಯೋಮಿ ರಿಫ್ ಹುಡುಕಿದ, ಬಟ್ಲರ್ ಸಾಹಿತ್ಯ ಗೀಚಿದ, ಓಝಿ ನೋಡಿಕೊಂಡು ಹಾಡಿದ. ಬ್ರಿಟಿಷ್ ಪಟ್ಟಿಯಲ್ಲಿ ಅದು ನಾಲ್ಕನೆಯ ಸ್ಥಾನಕ್ಕೇರಿತು, ಆಲ್ಬಮ್ ಮೊದಲ ಸ್ಥಾನಕ್ಕೆ; ಅಮೆರಿಕದಲ್ಲಿ 1971ರಲ್ಲಿ ಹನ್ನೆರಡಕ್ಕೆ. ಹಾಗಿದ್ದ ಮೇಲೆ ಈ ಆಕರ್ಷಣೆಯನ್ನು ಚುರುಕು ರಿಫ್ಫಿನ ಲೆಕ್ಕಕ್ಕೆ ಹಾಕಬೇಕಲ್ಲದೆ ಯಾವ ಗಂಭೀರ ಅರ್ಥಕ್ಕೆ? ರಿಫ್ಫಿನ ಪಾಲು ದೊಡ್ಡದೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ಆ ಅವಸರದಲ್ಲಿ ಬಟ್ಲರ್ ಬರೆದದ್ದು ಏನು? ತನ್ನದೇ ಖಿನ್ನತೆಯನ್ನು. ಆಗ ಅದಕ್ಕೆ ವೈದ್ಯರ ಹೆಸರೂ ಸಿಕ್ಕಿರಲಿಲ್ಲ, ಔಷಧವೂ ಸಿಕ್ಕಿರಲಿಲ್ಲ ಎಂದು ಅವನು ಮುಂದೆ ಹೇಳಿಕೊಂಡಿದ್ದಾನೆ. ಗಂಡಸು ಹಾಗೆಲ್ಲ ಮಾತಾಡದ ಒಂದು ಕಾರ್ಮಿಕ ಬಡಾವಣೆಯ ಹುಡುಗ, ಯಾವುದರಲ್ಲೂ ಸುಖ ಕಾಣಲಾಗದ ಮನಸ್ಸಿನ ಬಗ್ಗೆ ಬರೆದು ಅದನ್ನು ದೇಶದ ಜನಪ್ರಿಯ ಪಟ್ಟಿಗೆ ಏರಿಸಿದ. ಯೋಚಿಸಲು ಸಮಯ ಇಲ್ಲದಾಗ ಕೈಗೆ ಮೊದಲು ಸಿಗುವುದು ಒಳಗೆ ತುಂಬಿಕೊಂಡಿರುವುದೇ. ಉದ್ದೇಶವಿಲ್ಲದೆ ಬಂದ ಈ ಹಾಡು ಆ ಕಾರಣಕ್ಕೇ ಇನ್ನಷ್ಟು ನಂಬಲರ್ಹ ಸಾಕ್ಷಿ ಎನ್ನಬೇಕು.

ಅಂದಿನ ವಿಮರ್ಶಕರು ಮೂಗು ಮುರಿದರು. ಮೊದಲ ಆಲ್ಬಮ್ಮನ್ನು 'ರೋಲಿಂಗ್ ಸ್ಟೋನ್' ಪತ್ರಿಕೆಯಲ್ಲಿ ಲೆಸ್ಟರ್ ಬ್ಯಾಂಗ್ಸ್ ತೀಕ್ಷ್ಣವಾಗಿ ತಳ್ಳಿಹಾಕಿದ್ದ. ಸಾಹಿತ್ಯ ಬಾಲಿಶ ಎಂಬ ದೂರು ಇಂದಿಗೂ ಇದೆ. 'ವಾರ್ ಪಿಗ್ಸ್'ನ ಮೊದಲೆರಡು ಸಾಲುಗಳ ಪ್ರಾಸಕ್ಕೆ ಒಂದೇ ಪದವನ್ನು ಎರಡು ಸಲ ಬಳಸಿದ್ದನ್ನು ತೋರಿಸಿ ನಗುವವರಿದ್ದಾರೆ. ಕುಶಲತೆಯ ಅಳತೆಗೋಲು ಹಿಡಿದರೆ ದೂರು ಸರಿ. ಆದರೆ ಅದೇ ಕಾಲದಲ್ಲಿ ಇನ್ನೂ ಕುಶಲರಾದ ಎಷ್ಟೋ ಕವಿಗಾಯಕರು ಶಾಂತಿ, ಪ್ರೀತಿ, ಹೊಸ ಯುಗದ ಮಾತಾಡುತ್ತಿದ್ದರು. ಆಸ್ಟನ್‌ನ ಓಣಿಗಳಿಗೆ ಆ ಹೊಸ ಯುಗ ಬಂದಿರಲಿಲ್ಲ. 'ಐರನ್ ಮ್ಯಾನ್' ಹಾಡಿನಲ್ಲಿ ಮನುಕುಲದ ಅಂತ್ಯವನ್ನು ಕಂಡು ಎಚ್ಚರಿಸಲು ಬಂದವನು ದಾರಿಯಲ್ಲಿ ಉಕ್ಕಾಗಿ ಹೋಗುತ್ತಾನೆ; ಬಾಯಿ ಬಾರದ ಅವನನ್ನು ಜನ ಗಮನಿಸುವುದಿಲ್ಲ; ಕೊನೆಗೆ ಅವನೇ ಆ ಅಂತ್ಯವನ್ನು ತರುತ್ತಾನೆ. ಕಾಮಿಕ್ಸ್ ಪುಸ್ತಕದ ಕತೆಯಂತಿದೆ, ಹೌದು. ಆದರೆ ಉಪೇಕ್ಷೆ ಹೇಗೆ ದ್ವೇಷವಾಗುತ್ತದೆ ಎಂಬುದನ್ನು ಇದಕ್ಕಿಂತ ನೇರವಾಗಿ ಹೇಳಿದ ರಾಕ್ ಹಾಡುಗಳು ಆ ವರ್ಷ ಹೆಚ್ಚಿರಲಿಲ್ಲ. 'ಎಲೆಕ್ಟ್ರಿಕ್ ಫ್ಯೂನರಲ್' ಅಣುಯುದ್ಧದ ನಂತರದ ಭೂಮಿಯನ್ನು ತೋರಿಸುತ್ತದೆ. ನಡುವೆ 'ಪ್ಲಾನೆಟ್ ಕ್ಯಾರವಾನ್' ಎಂಬ ಮೆಲುದನಿಯ ಹಾಡು ಬಂದು ಉಸಿರಾಡಲು ಬಿಡುತ್ತದೆ. ಬರೀ ಅಬ್ಬರದ ತಂಡಕ್ಕೆ ಅಂಥ ಸಂಯಮ ಬರುತ್ತಿರಲಿಲ್ಲ. ಬ್ಯಾಂಗ್ಸ್ ಪ್ರಾಮಾಣಿಕ ಕೇಳುಗ. 1972ರಲ್ಲಿ 'ಕ್ರೀಮ್' ಪತ್ರಿಕೆಗೆ ಬರೆದ ದೀರ್ಘ ಲೇಖನದಲ್ಲಿ ಅವನೇ ಸಬ್ಬತ್‌ನ ಪರ ನಿಂತು, ಇವರ ಹಾಡುಗಳಲ್ಲಿ ನೈತಿಕ ಕಳವಳ ಇದೆಯೆಂದು ವಾದಿಸಿದ. ನನ್ನ ಮಟ್ಟಿಗೆ ಈ ಆಲ್ಬಮ್ಮಿನ ನಿಜವಾದ ಕೊರತೆ ಪ್ರಾಸದಲ್ಲಿಲ್ಲ, ಹೆಂಗಸರ ಅನುಭವಕ್ಕೆ ಇದರಲ್ಲಿ ಜಾಗವೇ ಇಲ್ಲದಿರುವುದರಲ್ಲಿದೆ. ಆಸ್ಟನ್‌ನ ಕಾರ್ಖಾನೆಗಳಲ್ಲಿ ಹೆಂಗಸರೂ ದುಡಿಯುತ್ತಿದ್ದರು. ಓಝಿಯ ತಾಯಿಯೇ ಲೂಕಸ್‌ನಲ್ಲಿ ಕೆಲಸ ಮಾಡಿದವಳು. ಅವರ ಭಯದ ಹಾಡು ಇಲ್ಲಿಲ್ಲ.

ಇನ್ನೊಂದು ದೊಡ್ಡ ಆಕ್ಷೇಪ ಈ ಸಂಗೀತದ ಪರಿಣಾಮದ ಬಗ್ಗೆ. ಭಯ, ಸಿಟ್ಟು, ವಿನಾಶಗಳನ್ನೇ ಹಾಡಿ ಕೇಳಿಸಿದರೆ ಎಳೆಯರ ಮನಸ್ಸು ಕೆಡುವುದಿಲ್ಲವೇ? 1985ರಲ್ಲಿ ಅಮೆರಿಕದ ಸೆನೆಟ್ ಸಮಿತಿಯ ಮುಂದೆಯೇ ರಾಕ್ ಹಾಡುಗಳ ವಿಚಾರಣೆ ನಡೆಯಿತು. ಆಗ ಪೋಷಕರ ಸಂಘಟನೆಯೊಂದು ದೂರಿದ ಹಾಡುಗಳಲ್ಲಿ ಸಬ್ಬತ್‌ನದೂ ಒಂದಿತ್ತು. ಪೋಷಕರ ಆತಂಕವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಆದರೆ ಪುರಾವೆ ಬೇರೆ ದಿಕ್ಕಿಗೆ ಕೈ ತೋರಿಸುತ್ತದೆ. 2015ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾಲಯದ ಲಿಯಾ ಶಾರ್ಮನ್ ಮತ್ತು ಜೆನೆವೀವ್ ಡಿಂಗಲ್ ಇಂಥ ಸಂಗೀತದ 39 ಕೇಳುಗರಿಗೆ ಮೊದಲು ಸಿಟ್ಟು ಬರಿಸಿ, ಆಮೇಲೆ ಕೆಲವರಿಗೆ ಅವರಿಷ್ಟದ ಸಂಗೀತ ಕೇಳಿಸಿ, ಉಳಿದವರನ್ನು ಸುಮ್ಮನೆ ಕೂರಿಸಿ ನೋಡಿದರು. ಸಂಗೀತ ಕೇಳಿದವರ ಸಿಟ್ಟು ಏರಲಿಲ್ಲ. ಅವರಲ್ಲಿ ಉತ್ಸಾಹ, ಪ್ರೇರಣೆಯ ಭಾವ ಹೆಚ್ಚಿತು. ಸಣ್ಣ ಪ್ರಯೋಗ, ಎಲ್ಲರಿಗೂ ಅನ್ವಯಿಸಲಾಗದು. ಆದರೂ 'ಪ್ಯಾರನಾಯ್ಡ್' ಕಟ್ಟಿದ ರೀತಿಗೆ ಇದು ಹೊಂದುತ್ತದೆ. ಭಯಕ್ಕೆ ಆಕಾರವಿಲ್ಲ; ಆಕಾರವಿಲ್ಲದ್ದಕ್ಕೆ ತಾಳ, ಆವರ್ತನೆ, ತೂಕ ಕೊಟ್ಟರೆ ಅದು ಎದುರು ನಿಲ್ಲುತ್ತದೆ, ನಾವು ಅದನ್ನು ನೋಡಬಹುದು. ಅದೇ ರಿಫ್ ಹತ್ತನೆಯ ಸಲ ಮರಳಿದಾಗ ಕೇಳುಗನಿಗೆ ಅದು ಪರಿಚಿತ, ಅದರೊಂದಿಗೆ ಅವನೂ ತಲೆದೂಗುತ್ತಾನೆ. ಭಯ ಹೋಗಿರುವುದಿಲ್ಲ, ಆದರೆ ಅವನು ಒಬ್ಬಂಟಿಯಾಗಿ ಉಳಿದಿರುವುದಿಲ್ಲ.

ಕೊನೆಯ ಆಕ್ಷೇಪ ನಮ್ಮ ನೆಲದ್ದೇ. ಈ ಆಲ್ಬಮ್ ಆಸ್ಟನ್‌ನ ಕಾರ್ಖಾನೆ, ಪಾಳುಬಿದ್ದ ಮನೆಗಳ ಕೂಸಾದರೆ ಬೆಂಗಳೂರು ಹೇಗೆ ಭಾರತದ ಮೆಟಲ್ ಊರುಗಳಲ್ಲಿ ಮುಂಚೂಣಿಗೆ ಬಂತು? ಅರಮನೆ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್ ತಂಡದ, 2011ರಲ್ಲಿ ಮೆಟಾಲಿಕಾ ತಂಡದ ಹಾಡು ಕೇಳಲು ಸೇರಿದ ಜನರಲ್ಲಿ ಬಹುಪಾಲು ಕಾಲೇಜು ಹುಡುಗರು, ಐಟಿ ಕಂಪನಿಗಳ ನೌಕರರು. ತಗಡು ಕತ್ತರಿಸುವ ಯಂತ್ರದ ಮುಂದೆ ನಿಂತವರು ಅಲ್ಲಿ ಅಪರೂಪ. ಇದೇ ಊರಿನಲ್ಲಿ 1998ರಲ್ಲಿ ಹುಟ್ಟಿದ ಕ್ರಿಪ್ಟೋಸ್ ತಂಡ ಜರ್ಮನಿಯ ವಾಕನ್ ಉತ್ಸವದವರೆಗೆ ಹೋಗಿಬಂದಿದೆ. ಇಲ್ಲಿಯದೇ ಆದ ಬೇವರ್ ಸೀ ತಂಡದ ನಿಧಾನ, ಭಾರದ ರಿಫ್ಫುಗಳು ನೇರವಾಗಿ ಸಬ್ಬತ್ ಪರಂಪರೆಯವು. ಬಡತನವೇ ಈ ಸಂಗೀತದ ಕೀಲಿ ಎನ್ನುವ ವಾದ ಇಲ್ಲಿ ಕುಸಿಯುತ್ತದೆ, ಕುಸಿಯಲಿ. ನಾನು ಹೇಳುತ್ತಿರುವುದು ಬಡತನದ ಮಾತಲ್ಲ, ಅಸಹಾಯಕತೆಯ ಮಾತು. ತನ್ನ ಬದುಕಿನ ದೊಡ್ಡ ತೀರ್ಮಾನಗಳು ತಾನು ಕಾಣದ ಕೋಣೆಗಳಲ್ಲಿ ಆಗುತ್ತವೆಂಬ ಅರಿವಿಗೆ ಸಂಬಳದ ಅಂಕಿ ಅಡ್ಡಬರುವುದಿಲ್ಲ. ಸಬ್ಬತ್‌ನ ನಾಲ್ವರು ಆ ಅರಿವನ್ನು ಕಾರ್ಖಾನೆಯಲ್ಲಿ ಪಡೆದರು. ಅಂಕಪಟ್ಟಿಯ ಓಟದಲ್ಲೋ ಒಂದು ಇಮೇಲಿನಲ್ಲಿ ಕೆಲಸ ಹೋದಾಗಲೋ ಬೇರೊಬ್ಬ ಪಡೆಯುತ್ತಾನೆ. ಹಾಡು ಹುಟ್ಟಿದ ಜಾಗಕ್ಕೂ ಅದು ಹೋಗಿ ಸೇರುವ ಜಾಗಕ್ಕೂ ನಡುವೆ ಇಷ್ಟು ಸಾಮ್ಯ ಸಾಕು.

ಇದಕ್ಕೆ ಇನ್ನೊಂದು ಪುರಾವೆಯೂ ಇದೆ. 2025ರ ಜುಲೈ 5ರಂದು ಸಬ್ಬತ್‌ನ ನಾಲ್ವರೂ ಕೊನೆಯ ಬಾರಿ ಒಟ್ಟಿಗೆ ವೇದಿಕೆ ಏರಿದರು, ಅದೂ ಆಸ್ಟನ್‌ನ ವಿಲ್ಲಾ ಪಾರ್ಕ್ ಫುಟ್‌ಬಾಲ್ ಮೈದಾನದಲ್ಲಿ. ಪಾರ್ಕಿನ್ಸನ್ ಕಾಯಿಲೆಯಿಂದ ನಡೆಯಲಾಗದ ಓಝಿ ಸಿಂಹಾಸನದಂಥ ಕುರ್ಚಿಯಲ್ಲಿ ಕೂತು ಹಾಡಿದ. ಹದಿನೇಳು ದಿನಗಳ ನಂತರ ತೀರಿಕೊಂಡ. ಅರ್ಧ ಶತಮಾನದ ಹಾಡುಗಳಿಂದ ಅಂದು ಅವರು ಒಟ್ಟಾಗಿ ನುಡಿಸಿದ್ದು ನಾಲ್ಕನ್ನು ಮಾತ್ರ. ಒಂದು ಮೊದಲ ಆಲ್ಬಮ್ಮಿನದು. ಉಳಿದ ಮೂರು, 'ವಾರ್ ಪಿಗ್ಸ್', 'ಐರನ್ ಮ್ಯಾನ್', 'ಪ್ಯಾರನಾಯ್ಡ್', 1970ರ ಜೂನ್‌ನಲ್ಲಿ ಧ್ವನಿಮುದ್ರಿಸಿದವು. ಇದನ್ನು ಹಳೆಯ ನೆನಪಿನ ಹಂಬಲ ಎನ್ನುವವರು ಮೈದಾನದಲ್ಲಿ ಇಪ್ಪತ್ತರ ಆಸುಪಾಸಿನವರೂ ಇದ್ದುದನ್ನು ವಿವರಿಸಬೇಕಾಗುತ್ತದೆ. ವಿಯೆಟ್ನಾಂ ಯುದ್ಧ ಮುಗಿದ ಎಷ್ಟೋ ವರ್ಷಗಳ ನಂತರ ಹುಟ್ಟಿದವರು ಅವರು. ಆ ಹೊತ್ತಿಗೆ ಉಕ್ರೇನಿನಲ್ಲೂ ಗಾಜಾದಲ್ಲೂ ಬಾಂಬುಗಳು ಬೀಳುತ್ತಿದ್ದವು, 'ವಾರ್ ಪಿಗ್ಸ್'ನ ಸಾಲುಗಳು ಅವರಿಗೆ ಬಾಯಿಪಾಠವಾಗಿದ್ದವು.